ಶುಕ್ರವಾರ ತೆರೆದ ಹಗೇವು

ನಾನು ಸೊಸೆಯಾಗಿ ಬಂದ ಮನೆ ಯಲಹಂಕದ ಕಡೆ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗಿನ ಬೀದಿಯಲ್ಲಿತ್ತು. ಅಂಗಳದಲ್ಲಿ ಹಗೇವು. ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನೀರು ಹೊಕ್ಕರೆ ಮಾತ್ರ ಆ ರಾಗಿಯನ್ನು ದನವೂ ಮೂಸುವುದಿಲ್ಲ. ನಮ್ಮ ಇಡೀ ಮನೆಯ ಊಟ ಅದರೊಳಗಿತ್ತು.

ಆ ವರ್ಷ ಕೆರೆ ತುಂಬಿತು. ಬಾಗಿನ ಕೊಟ್ಟು ಬಂದ ಗಂಡಸರು ಸುಮ್ಮನಿರಬೇಕಿತ್ತು. ಇನ್ನೊಂದು ಬೆಳೆ ಭತ್ತಕ್ಕೆ ನೀರು ಉಳಿಯಲಿ ಅಂತ, ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯ ಮೇಲೆ ಹುಲ್ಲುಹೆಂಟೆ ಪೇರಿಸಿ ಅಡ್ಡ ಕಟ್ಟಿದರು. ಕೋಡಿಯ ಕಾಲುವೆಯಲ್ಲೂ ಬದನೆ ಹಾಕಿಕೊಂಡಿದ್ದರು. ಆಮೇಲೆ ಮಳೆ ಹಿಡಿಯಿತು, ಬಿಡಲಿಲ್ಲ. ಒಂದು ಬೆಳಿಗ್ಗೆ ಮಳೆ ನಿಂತು ಹೊಳವಾದಾಗ ನನ್ನ ಗಂಡ ಏರಿ ನೋಡಿಕೊಂಡು ಬಂದ.

"ಏರಿ ಬುಡದಾಗೆ ನೀರು ಜಿನುಗ್ತಾ ಐತೆ. ಮಧ್ಯಾಹ್ನಕ್ಕೆ ಕೋಡಿ ಹೆಂಟೆ ಕಿತ್ತಾಕ್ತೀವಿ. ಇಲ್ದಿದ್ರೆ ಏರಿನೇ ಒಡೀತದೆ."

"ಕಿತ್ರೆ ನೀರು ಎಲ್ಲಿಗ್ ಬತ್ತದೆ?"

"ಕಾಲುವೆ ತುಂಬ ಬದನೆ ಐತಲ್ಲ. ಇನ್ನೆಲ್ಲಿಗೆ, ನಮ್ ಬೀದಿಗೇ."

"ಅಂಗಾದ್ರೆ ಈಗ್ಲೇ ಅಗೇವು ತೆಗೀಬೇಕು" ಅಂದೆ.

ಅತ್ತೆ ಒಲೆ ಮುಂದಿನಿಂದ ಎದ್ದು ಬಂದರು. ಶುಕ್ರವಾರ ಹಗೇವು ತೆಗೆಯುವ ಪದ್ಧತಿ ಊರಲ್ಲೇ ಇರಲಿಲ್ಲ.

"ಇವತ್ತು ಶುಕ್ರವಾರ ಕಣೇ! ಲಕ್ಷ್ಮಿ ಮನೆ ಬಿಟ್ಟು ಒಂಟೋಗ್ತಾಳೆ."

"ಎಲ್ಲೂ ಓಗಲ್ಲ ಅತ್ತೆ, ಮೇಲಿನ ಬೀದಿ ಚಾವಡೀಲಿ ಕೂತಿರ್ತಾಳೆ. ಒಳಗೇ ಬಿಟ್ರೆ ಮುಳುಗೋಗ್ತಾಳೆ."

ಅತ್ತೆ ಗುರುಗುಟ್ಟಿದರು. ಆಮೇಲೆ ತಾವೇ ಚಪ್ಪಡಿಗೆ ಅರಿಶಿನ ಕುಂಕುಮ ಇಟ್ಟು, "ತೆಗೀರಿ, ಏನ್ ನೋಡ್ತೀರಿ?" ಅಂದರು.

ಹಗೇವು ತೆರೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟೆವು. ಆರಿಹೋಯಿತು. ಹೊಂಗೆ ಕೊಂಬೆ ಕಟ್ಟಿ ಇಳಿಸಿ, ಎಳೆದು, ಇಳಿಸಿ, ಗಾಳಿ ಆಡಿಸಿದೆವು. ಮತ್ತೆ ದೀಪ ಬಿಟ್ಟರೆ ಮತ್ತೆ ಆರಿತು.

ಮೈದುನನಿಗೆ ತಾಳ್ಮೆ ಕೆಟ್ಟಿತು. "ಉಸಿರು ಇಡ್ಕಂಡು ಇಳೀತೀನಿ ಅತ್ತಿಗೆ."

"ಇಳಿ. ಆಮೇಲೆ ರಾಗಿ ಜೊತೆ ನಿನ್ನೂ ಎತ್ಬೇಕು. ನೀನೇ ಜಾಸ್ತಿ ಭಾರ."

ಪಕ್ಕದ ಮನೆಯಾಕೆ ಗೋಡೆ ಮೇಲಿಂದ ನೋಡುತ್ತಿದ್ದಳು. "ಶುಕ್ರವಾರ ಅಗೇವಿಗೆ ಕೈ ಆಕಿದ್ದೀಯ. ನಿಮ್ಮನೆಗೆ ಏನ್ ಕಾದೈತೋ!"

"ನೀರು ಕಾದೈತೆ. ನಿಮ್ಮನೆಗೂ. ನೀನೂ ತೆಗಿ."

"ನಮ್ಮೋರು ನಾಳೆ ತೆಗೀತಾರೆ" ಅಂದು ಒಳಗೆ ಹೋದಳು.

ಕೊನೆಗೂ ದೀಪ ಆರದೆ ನಿಂತಿತು. ಮೈದುನ ಇಳಿದು ತುಂಬಿ ಕೊಟ್ಟ, ನಾವು ಹೆಂಗಸರು ಮಂಕರಿ ಹೊತ್ತು ಚಾವಡಿಗೆ ಸುರಿದೆವು. ಕತ್ತು ಕುಸಿದುಹೋಗುವಂತಾಯಿತು. ಅಷ್ಟರಲ್ಲಿ ಏರಿ ಮೇಲಿಂದ ನನ್ನ ಗಂಡ ಕೂಗಿದ: "ಇನ್ ತಡೆಯಕ್ಕಾಗಲ್ಲ, ಮೇಲಕ್ಕೆ ಬರ್ರೋ!" ಮೈದುನನನ್ನು ಮೇಲೆ ಎಳೆದುಕೊಂಡೆವು. ತಳದ ರಾಗಿ ಅಲ್ಲೇ ಉಳಿಯಿತು.

ಗಂಡಸರು ಕೋಡಿಯ ಹೆಂಟೆ ಕಿತ್ತರು, ನೀರು ಬಂತು. ಬದನೆ ಗಿಡಗಳನ್ನು ಕಿತ್ತುಕೊಂಡು ಬಂದು ಮೊಣಕಾಲೆತ್ತರ ನಿಂತಿತು. ನಮ್ಮ ಹಗೇವು ಗುಳುಗುಳು ಅಂತ ಕುಡಿಯಿತು. ಪಕ್ಕದ ಮನೆಯದೂ ಕುಡಿಯಿತು. ಏರಿ ಮಾತ್ರ ಉಳಿಯಿತು. ಒಡೆದಿದ್ದರೆ ಇದನ್ನು ಹೇಳಲು ಯಾರೂ ಇರುತ್ತಿರಲಿಲ್ಲ.

ನೀರು ಇಳಿದ ಮೇಲೆ ಪಕ್ಕದಾಕೆ ಚಾವಡಿ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಳು. ನಾನು ಚುಚ್ಚಲಿಲ್ಲ. ಅತ್ತೆ ಮೊರದ ತುಂಬ ರಾಗಿ ಅವಳ ಮುಂದಿಟ್ಟು, "ಸೆರಗು ಒಡ್ಡು" ಅಂದರು. ಸುಗ್ಗಿಯವರೆಗೆ ಎರಡು ಮನೆಯವರೂ ಅದನ್ನೇ ಉಂಡೆವು. ಮುದ್ದೆ ಸಣ್ಣದಾಯಿತು, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಮಳೆಗೆ ಮುಂಚೆಯೇ ಊರೆಲ್ಲ ಸೇರಿ ಕೋಡಿ ಕಾಲುವೆ ಬಿಡಿಸಿದರು. ಅಲ್ಲಿ ಇನ್ನು ಯಾರೂ ಗಿಡ ಹಾಕಕೂಡದು ಅಂತ ಮಾತಾಯಿತು. ಕೆಳಗಿನ ಬೀದಿಯವರ ಹಗೇವುಗಳಿಗೆ ಮೇಲಿನ ಗಟ್ಟಿ ನೆಲದಲ್ಲಿ ಜಾಗ ಬಿಟ್ಟರು. ತೋಡುವ ದಿನ ನಾವು ಹೋಗುವಷ್ಟರಲ್ಲಿ ಪಕ್ಕದಾಕೆ ಸೀರೆ ಎತ್ತಿಕಟ್ಟಿಕೊಂಡು ಆಗಲೇ ಮೊಣಕಾಲುದ್ದ ಅಗೆದು ನಿಂತಿದ್ದಳು.

"ಏನ್ ನಿದ್ದೆ ನಿಮ್ದು!" ಅಂದಳು. "ನಿಮ್ ಗುಂಡಿಗೆ ನಮ್ದರ ಪಕ್ಕದಾಗೇ ಗೀಟಾಕಿವ್ನಿ ನೋಡು. ಬಂದು ಅಗಿ."