ಮಟ್ಟಿ ಅಗೆಯುವ ಪಾಳಿ

ನಮ್ಮ ಮನೆಯ ಹಿತ್ತಲ ಬಾಗಿಲಿನ ಎಡಕ್ಕೆ ಗೋಡೆಯ ಸುಣ್ಣ ಅಂಗೈಯಗಲ ಸವೆದಿದೆ. ದೀಪಾವಳಿಗೆ ಸುಣ್ಣ ಬಳಿದಾಗ ಆ ಗುರುತು ಮುಚ್ಚಿಹೋಗುತ್ತದೆ, ಯುಗಾದಿಯ ಹೊತ್ತಿಗೆ ಮತ್ತೆ ಮುಖ ತೋರಿಸುತ್ತದೆ. ಅದಕ್ಕೆ ಕಾರಣ ನಾನೇ. ಬೆಳಿಗ್ಗೆ ಐದಕ್ಕೆ ಎದ್ದು, ಒಂದು ತಂಬಿಗೆ ನೀರು ಕುಡಿದು, ಅಲ್ಲಿ ಅಂಗೈ ಆನಿಸಿ ಇಪ್ಪತ್ತು ಬಸ್ಕಿ ಹೊಡೆಯುವುದು ನನ್ನ ದಿನಚರಿ. ಮೊದಲೆಲ್ಲ ಯಾವ ಆಸರೆಯೂ ಇಲ್ಲದೆ ಕೂತು ಏಳುತ್ತಿದ್ದೆ. ಈಗ ಗೋಡೆ ಬೇಕು. ಇಷ್ಟು ವರ್ಷವಾದರೂ ಗೋಡೆಗೆ ನನ್ನ ಮೇಲೆ ಬೇಸರ ಬಂದಂತಿಲ್ಲ, ನನಗೂ ಅದರ ಮೇಲೆ ಬಂದಿಲ್ಲ.

ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಹೋದ ತಿಂಗಳು ಕರಾಟೆ ಕಲಿಯಲು ಸೇರಿಕೊಂಡಳು. ಎಂಟನೆಯ ದಿನ ಕುಂಟುತ್ತ ಬಂದು ನನ್ನ ಪಕ್ಕ ಕೂತಳು. "ಅಜ್ಜ, ಮೈಗೆ ಶಕ್ತಿ ಬೇಗ ಬರೋಕೆ ಏನ್ ಮಾಡ್ಬೇಕು?" ಎಂದಳು. "ಮೈಗೆ ಬೇಗ ಬರೋದು ಜ್ವರ ಒಂದೇ ಕಣವ್ವ" ಎಂದೆ. ಅವಳು ನಕ್ಕಳು. ಆದರೆ ಉತ್ತರ ಅವಳಿಗೆ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ. ಅವಳ ವಯಸ್ಸಿನಲ್ಲಿ ನನಗೂ ಇದೇ ಅವಸರವಿತ್ತು. ಆ ಅವಸರದಲ್ಲಿ ನಾನು ಏನನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ ಎಂಬುದನ್ನು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ, ಮಿತ್ರರೇ, ಕೇಳಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯಲ್ಲಿ ನಮ್ಮ ತಂದೆಗೆ ಹತ್ತಿ ಮಂಡಿ ಇತ್ತು, ಕುಕ್ಕುವಾಡದಲ್ಲಿ ಹೊಲವಿತ್ತು. ಊರು ಎಚ್ಚರಗೊಳ್ಳುತ್ತಿದ್ದದ್ದು ಗಿರಣಿಯ ಕೂಗಿಗೆ. ನಮ್ಮ ಮನೆ ಅದಕ್ಕಿಂತ ಅರ್ಧ ಗಂಟೆ ಮೊದಲೇ ಏಳುತ್ತಿತ್ತು. ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಯಾರಿಗೂ ತಿಂಡಿ ಇಲ್ಲ, ಉಂಡ ತಟ್ಟೆ ಬಿಟ್ಟು ಏಳುವಂತಿಲ್ಲ, ಕಳಚಿದ ಚಪ್ಪಲಿ ಓರೆಯಾಗಿ ಬಿದ್ದಿರುವಂತಿಲ್ಲ. ಅಂಥ ಮನೆಯಲ್ಲಿ ಬೆಳೆದ ನಾನು ಹತ್ತೊಂಬತ್ತನೆಯ ವಯಸ್ಸಿಗೆ ಗರಡಿಮನೆ ಸೇರಿದಾಗ ಮೊದಲು ಮಾಡಿದ ಕೆಲಸವೆಂದರೆ ಒಂದು ಹಾಳೆಯ ಮೇಲೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದು. ಇಷ್ಟು ಹೊತ್ತಿಗೆ ದಂಡ, ಇಷ್ಟು ಹೊತ್ತಿಗೆ ಬಸ್ಕಿ, ಇಷ್ಟು ಹೊತ್ತಿಗೆ ನೆನೆಸಿದ ಕಡಲೆ ಮತ್ತು ಹಾಲು.

ಗರಡಿಗೆ ಬಗ್ಗಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು. ಒಳಗೆ ಹನುಮಂತದೇವರ ಪಟ, ಮೂಲೆಯಲ್ಲಿ ಮರದ ಗದೆಗಳು, ಎತ್ತುವ ಗುಂಡುಕಲ್ಲು, ನಡುವೆ ಮಟ್ಟಿ. ಮಟ್ಟಿ ಎಂದರೆ ಕುಸ್ತಿ ಹಿಡಿಯುವ ಕೆಮ್ಮಣ್ಣಿನ ಅಂಕಣ. ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಎಲ್ಲ ಕುಡಿದು ಹದವಾದ ಮಣ್ಣು ಅದು. ಅದರ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಊಟದ ಎಲೆಯ ಮುಂದೆಯೂ ನೆನಪಾಗುತ್ತದೆ. ಅಲ್ಲಿ ಕಲಿಸುತ್ತಿದ್ದವರು ವಸ್ತಾದ ಮಲ್ಲಪ್ಪನವರು. ಹಗಲು ಗಿರಣಿಯಲ್ಲಿ ದುಡಿದು, ಬೆಳಿಗ್ಗೆ ಸಂಜೆ ನಮ್ಮನ್ನು ದುಡಿಸುತ್ತಿದ್ದರು.

ಅವರು ಹೊಸಬರಿಗೆ ಹೇಳುತ್ತಿದ್ದ ಮಾತುಗಳು ಹೆಚ್ಚಿರಲಿಲ್ಲ. ಹೊಟ್ಟೆ ತುಂಬ ತಿಂದು ಸಾಮು ಮಾಡಬೇಡ. ಉಸಿರನ್ನು ಬಾಯಲ್ಲಿ ಎಳೆಯಬೇಡ. ನಿನ್ನೆ ಎಷ್ಟು ಹೊಡೆದೆಯೋ ಇವತ್ತು ಅದಕ್ಕಿಂತ ಐದು ಹೆಚ್ಚು ಸಾಕು, ಐವತ್ತು ಬೇಡ. ಬೆನ್ನು ಗಟ್ಟಿಯಾಗುವ ತನಕ ಗುಂಡುಕಲ್ಲನ್ನು ಕಣ್ಣಲ್ಲಿ ಮಾತ್ರ ಎತ್ತು. ಅಮಾವಾಸ್ಯೆಯ ದಿನ ಎತ್ತಿಗೂ ರಜ, ನಿನಗೂ ರಜ. ಸಂಜೆ ಸಾಮು ಮುಗಿದ ಮೇಲೆ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಮನೆಗೆ ಹೋಗು. ಈ ಕೊನೆಯ ಮಾತನ್ನು ಪಾಲಿಸಿದವರು ಕಡಿಮೆ. ಪಾಲಿಸಿದವರ ಪೈಕಿ ನಾನೊಬ್ಬ ಎಂದು ಹೇಳಿಕೊಳ್ಳಲು ಇವತ್ತಿಗೂ ಸಂತೋಷವಾಗುತ್ತದೆ.

ಇವೆಲ್ಲಕ್ಕಿಂತ ಮೊದಲಿನದೊಂದು ಕಟ್ಟಳೆ ಇತ್ತು. ಪ್ರತಿದಿನ ಸಾಮು ಶುರುವಾಗುವ ಮುಂಚೆ ಹೊಸಬರಲ್ಲಿ ಒಬ್ಬ ಗುದ್ದಲಿ ಹಿಡಿದು ಇಡೀ ಮಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಗೆದು, ಹೆಂಟೆ ಒಡೆದು, ಸಡಿಲ ಮಾಡಬೇಕು. ಅದಕ್ಕೆ ಪಾಳಿ ಎನ್ನುತ್ತಿದ್ದರು. ನಾವು ಹೊಸಬರು ಮೂವರಿದ್ದೆವು. ಮೂರು ದಿನಕ್ಕೊಮ್ಮೆ ನನ್ನ ಪಾಳಿ. ನನ್ನ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಗೆಯುವ ಹೊತ್ತಿನಲ್ಲಿ ಇನ್ನೂ ನೂರು ಬಸ್ಕಿ ಹೊಡೆಯಬಹುದಲ್ಲ ಎಂಬುದು ನನ್ನ ಲೆಕ್ಕ. ಹೊಲ ಅಗೆಯಲು ನಮ್ಮಲ್ಲಿ ಆಳುಗಳಿದ್ದಾರೆ, ಇದನ್ನೂ ಅಗೆಯಲಿ ಎಂಬ ಮನೆತನದ ಗತ್ತೂ ಆ ಲೆಕ್ಕದೊಳಗೆ ಸೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ವಸ್ತಾದ್ರೆ, ನನ್ನ ಪಾಳಿ ದಿನ ಮಂಡಿಯಿಂದ ಒಬ್ಬ ಆಳನ್ನ ಕಳಿಸ್ಲಾ?" ಎಂದು ಕೇಳಿದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಮಣ್ಣು ಸಡ್ಲ ಆದ್ರೆ ಸಾಕಪ್ಪ. ಯಾರು ಅಗದ್ರು ಅಂತ ಅದು ಕೇಳಾದಿಲ್ಲ" ಎಂದರು. ನನ್ನ ಜಾಣತನಕ್ಕೆ ಸಿಕ್ಕ ಮೆಚ್ಚುಗೆ ಎಂದೇ ತಿಳಿದೆ.

ಹಾಗೆ ಗರಡಿಗೆ ಬಂದವನು ಹನುಮಂತಪ್ಪ. ಕುಕ್ಕುವಾಡದವನು, ಮಂಡಿಯಲ್ಲೇ ಇದ್ದುಕೊಂಡು ನಮ್ಮ ಹತ್ತಿ ಗಾಡಿ ಹೊಡೆಯುತ್ತಿದ್ದ, ನನಗಿಂತ ಆರೇಳು ವರ್ಷ ದೊಡ್ಡವನು, ಹೆಂಡತಿ ಮಕ್ಕಳಿದ್ದವನು. ನಾನು ಬಂದು ಬಸ್ಕಿಗೆ ನಿಲ್ಲುವ ಹೊತ್ತಿಗೆ ಅವನು ಅರ್ಧ ಮಟ್ಟಿ ಅಗೆದಿರುತ್ತಿದ್ದ. ಉಳಿದ ಇಬ್ಬರು ಹೊಸಬರೂ ನನ್ನ ದಾರಿ ನೋಡಿ ಚುರುಕಾದರು. ಅವನ ಕೈಗೆ ಎರಡು ಬೀಡಿ ಕೊಟ್ಟು ತಮ್ಮ ಪಾಳಿಯನ್ನೂ ಒಪ್ಪಿಸಿದರು. ಹೀಗೆ ದಿನಾ ಅವನೇ ಅಗೆಯತೊಡಗಿದ. ಒಂದು ದಿನ ವಸ್ತಾದರು, "ಹೆಂಗೂ ಬಂದೀಯಲ್ಲೋ, ಅಂಗಿ ಬಿಚ್ಚಿ ಒಳಗೆ ಇಳಿ" ಎಂದರು. ಬೀಡಿ ಬಿಡು ಎಂದೂ ಹೇಳಿದರು, ಅವನು ಬಿಟ್ಟ. ನಾನು ಅದನ್ನೆಲ್ಲ ಹೆಚ್ಚು ಗಮನಿಸಲಿಲ್ಲ. ನನ್ನ ಗಮನವೆಲ್ಲ ನನ್ನ ತೋಳಿನ ಮೇಲಿತ್ತು. ಅಂಗಿಯ ತೋಳು ಬಿಗಿಯಾಗುತ್ತಿತ್ತು, ಕ್ಷೌರದ ಅಂಗಡಿಯ ಕನ್ನಡಿಯ ಮುಂದೆ ನನಗೆ ಕೆಲಸವಿಲ್ಲದಿದ್ದರೂ ಕೆಲಸ ಹುಟ್ಟುತ್ತಿತ್ತು.

ಐದು ತಿಂಗಳು ಕಳೆಯಿತು. ಹರಿಹರದಲ್ಲಿ ನನ್ನ ಸೋದರಮಾವ ಇದ್ದರು, ಸ್ಟೇಷನ್ನಿನ ಬಳಿ ಕಾಳಿನ ಅಂಗಡಿ. ಹೊಳೆಯ ದಂಡೆಯಲ್ಲಿ ಕುಸ್ತಿ ಇಟ್ಟಿದ್ದಾರೆಂದು ತಿಳಿದು, ಅಂಗಡಿಗೆ ಬಂದವರಿಗೆಲ್ಲ "ನಮ್ಮ ಅಳಿಯ ಬರ್ತಾನೆ, ಹೊಸಬರ ಜೋಡಿಗೆ ಹೆಸರು ಕೊಟ್ಟೀನಿ" ಎಂದು ಸಾರಿಬಿಟ್ಟರು. ಇನ್ನು ಉಳಿದದ್ದು ವಸ್ತಾದರ ಒಪ್ಪಿಗೆ ಒಂದೇ. ಕೇಳಿದಾಗ ಅವರು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಹನುಮಂತನ್ನ ಹಿಡಿ, ನೋಡೋಣ" ಎಂದರು.

ಹನುಮಂತಪ್ಪ ಹಿಂಜರಿದ. "ನಾನು ಸಣ್ಣ ಸಾವ್ಕಾರ್ರನ್ನ ಹೆಂಗೆ ಮುಟ್ಟಲ್ರಿ?"

"ಆ ಬಾಗ್ಲು ಬಗ್ಗಿ ಒಳಗೆ ಬಂದ ಮೇಲೆ ಇಲ್ಲಿ ಸಾವ್ಕಾರಿಲ್ಲ, ಗಾಡಿ ಹೊಡಿಯಾವ್ನಿಲ್ಲ. ಹಿಡಿ."

ಹಿಡಿದೆವು. ನಾನು ಒಂದು ಬಾರಿ ದೂಡಿದೆ, ಅವನು ಬಿದ್ದ. ನಾನು ಎದೆಯುಬ್ಬಿಸಿ ತಿರುಗುವಷ್ಟರಲ್ಲಿ ವಸ್ತಾದರ ಬೆತ್ತ ಅವನ ತೊಡೆಗೆ ಬಿತ್ತು. "ಮಣ್ಣಿಗೆ ಸುಳ್ಳು ಹೇಳ್ತೀಯೇನೋ? ಎದ್ದೇಳು!"

ಎರಡನೆಯ ಸಲ ಏನಾಯಿತೆಂದು ಹೇಳಲು ನನಗೆ ತಿಳಿದಿದ್ದರೆ ತಾನೆ! ಅವನ ಎರಡು ಕೈ ನನ್ನ ಸೊಂಟಕ್ಕೆ ಬಂದವು. ಗುದ್ದಲಿಯ ಹಿಡಿಯನ್ನು ಹಿಡಿದು ಹಿಡಿದು ಮರದಂತಾದ ಬೆರಳುಗಳು. ನಾನು ಬಿಡಿಸಲು ನೋಡಿದೆ, ಒಂದು ಬೆರಳೂ ಅಲುಗಲಿಲ್ಲ. ಹತ್ತಿಯ ಅಂಡಿಗೆಯನ್ನು ಗಾಡಿಗೆ ಏರಿಸುವ ಹಾಗೆ ನನ್ನನ್ನು ಎತ್ತಿದ, ಮತ್ತು ಇಳಿಸಿದ. ಬೀಳಿಸಲಿಲ್ಲ, ಇಳಿಸಿದ. ನನ್ನ ತಲೆಗೆ ಪೆಟ್ಟಾಗದಿರಲೆಂದು ಅಂಗೈಯನ್ನು ಕೆಳಗೆ ಇಟ್ಟಿದ್ದ. ಸೋತದ್ದಕ್ಕಿಂತ ಆ ಅಂಗೈಯೇ ನನ್ನನ್ನು ಹೆಚ್ಚು ನಾಚಿಸಿತು.

ವಸ್ತಾದರು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ದನಿಯಲ್ಲಿ ಸಿಟ್ಟಿರಲಿಲ್ಲ. "ದಂಡ ಹೊಡದ್ರೆ ತೋಳು ಬರ್ತೈತೆ, ಬಸ್ಕಿ ಹೊಡದ್ರೆ ತೊಡೆ ಬರ್ತೈತೆ. ಇವೆರಡನ್ನೂ ಸೇರ್ಸಿ ಕಟ್ಟಾದು ಸೊಂಟ. ಹಿಡ್ತ, ಉಸ್ರು, ಸೊಂಟ, ಮೂರೂ ಆ ಗುದ್ದ್ಲೀಲಿ ಇದ್ವು. ನೀನು ಇವನಿಗೆ ಕೊಟ್ಟಿದ್ದು ಪಾಳಿ ಅಲ್ಲಪ್ಪ, ನಿನ್ನ ಸೊಂಟ."

"ಮೊದ್ಲೇ ಹೇಳ್ಬೋದಿತ್ತಲ್ರಿ" ಎಂದೆ, ಅಳು ಬರುವಂತಿತ್ತು.

"ಹೇಳಿದ್ರೆ ನೀನು ಆಳಿಗೆ ಕೂಲಿ ಹೆಚ್ಚು ಮಾಡ್ತಿದ್ದೆ, ಅಷ್ಟೆ." ಎಲ್ಲರೂ ನಕ್ಕರು. ಆಮೇಲೆ ಅವರು ತೀರ್ಪು ಹೇಳಿದರು: "ಹರಿಹರಕ್ಕೆ ಹನುಮಂತ ಇಳೀತಾನೆ. ನೀನು ಮಾಲೀಸಿಗೆ ಹೋಗು."

ಮಾಲೀಸು ಎಂದರೆ ಎಣ್ಣೆ ತಿಕ್ಕುವುದು. ಕುಸ್ತಿಗೆ ಇಳಿಯುವವನ ಮೈಯನ್ನು ಅದೇ ಗರಡಿಯ ಜೊತೆಗಾರನೇ ತಿಕ್ಕಿ ಬಿಸಿ ಮಾಡಬೇಕು. ಹೊರಗಿನವರ ಕೈ ತಾಗಬಾರದು. ತಿಕ್ಕದೆ ತಣ್ಣಗಿನ ಮೈಯಲ್ಲಿ ಇಳಿದರೆ ನರ ಹಿಡಿಯುತ್ತದೆ, ಕಾಲು ಉಳುಕುತ್ತದೆ. ಅಂದರೆ ಮಾವನ ಊರಿನಲ್ಲಿ, ನನ್ನನ್ನು ನೋಡಲೆಂದೇ ಸೇರಿದ ಬಂಧುಬಳಗದ ಎದುರಿನಲ್ಲಿ, ನಮ್ಮ ಗಾಡಿ ಹೊಡೆಯುವವನ ಕಾಲನ್ನು ನಾನು ಹಿಡಿಯಬೇಕು. ಅಂದಿನ ಕಾಲವನ್ನು ಬಲ್ಲವರಿಗೆ ಇದರ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಜ್ವರವೆಂದು ಮಲಗಿಬಿಡಬಹುದಿತ್ತು. ಆದರೆ ನನ್ನ ಬದಲು ಬೇರೆಯವರನ್ನು ವಸ್ತಾದರು ಕಳಿಸುವವರಲ್ಲ; ಮಲಗಿದರೆ ಅವನು ತಣ್ಣಗಿನ ಮೈಯಲ್ಲಿ ಇಳಿಯುತ್ತಾನೆ, ಇಲ್ಲವೆ ಇಳಿಯದೆಯೇ ಬರುತ್ತಾನೆ. ನನ್ನ ತಲೆಯ ಕೆಳಗೆ ಅಂಗೈ ಇಟ್ಟವನು.

ಬೆಳಗಿನ ರೈಲಿಗೆ ವಸ್ತಾದರ ಜೊತೆ ಹೋದೆವು. ಎಣ್ಣೆಯ ಶೀಸೆ ನನ್ನ ಚೀಲದಲ್ಲಿತ್ತು. ಕಿಟಕಿಯ ಬಳಿ ಕೂತ ಹನುಮಂತಪ್ಪನದು ದಾರಿಯುದ್ದಕ್ಕೂ ಒಂದೇ ಮಾತು: "ಬ್ಯಾಡ್ರಿ ಸಾವ್ಕಾರ್ರೆ. ನಾನೇ ತಿಕ್ಕೊಂತೀನಿ. ನೀವು ಶೀಸೆ ಹಿಡ್ಕಂಡು ನಿಂತ್ರೆ ಸಾಕು."

"ನಿನ್ನ ಬೆನ್ನು ನಿನಗೆ ಸಿಗ್ತೈತೇನು?" ಎಂದೆ.

"ಬೆನ್ನು ಗ್ವಾಡಿಗೆ ತಿಕ್ಕೊಂತೀನ್ರಿ, ಎಮ್ಮೆ ತಿಕ್ಕಂಬಲ್ವಾ?" ಎಂದ. ವಸ್ತಾದರು ಕಿಟಕಿಯಾಚೆ ನೋಡುತ್ತ ಮೀಸೆಯೊಳಗೆ ನಕ್ಕರು.

ತುಂಗಭದ್ರೆಯ ದಂಡೆಯ ಮೇಲೆ ಜನ ಸೇರಿದ್ದರು. ಮಾವ ಹೊಸ ರುಮಾಲು ಸುತ್ತಿ, ಇಬ್ಬರು ನೆಂಟರನ್ನು ಜೊತೆಗಿಟ್ಟುಕೊಂಡು ಬಂದರು. ಅಂಗಿ ಬಿಚ್ಚಿ ನಿಂತವನು ನಾನಲ್ಲ ಎಂಬುದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ನೆಲಕ್ಕೆ ಕೂತು ಅಂಗೈಗೆ ಎಣ್ಣೆ ಸುರಿದುಕೊಂಡದ್ದನ್ನು ಕಂಡು ಅವರ ಮುಖ ಕೆಂಪಾಯಿತು.

"ಯಾಕೋ, ಇದೇನೋ ಇದು? ಹೊಲದ ಆಳಿನ ಕಾಲು ಹಿಡಿಯಾಕೆ ಇಷ್ಟು ದೂರ ಬಂದೆಯಾ? ಕೊಡು ಶೀಸೆ, ಯಾರ್ನಾರ ಕರೀತೀನಿ."

ಹನುಮಂತಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ನಾನು ಅವನ ಮೀನಖಂಡವನ್ನು ಹಿಡಿದು ಮುಂದಕ್ಕೆ ತಂದೆ. "ಹೊರಗಿನವರ ಕೈ ತಾಗಂಗಿಲ್ಲ ಮಾವ. ಪಾಳಿ ನಂದು" ಎಂದೆ.

ಅಷ್ಟು ಸಾಕಾಯಿತು. ತಲೆ ತಗ್ಗಿಸಿ ಕೆಳಗಿನಿಂದ ಮೇಲಕ್ಕೆ, ಎದೆಯ ಕಡೆಗೆ, ವಸ್ತಾದರು ಕಲಿಸಿದ ಕ್ರಮದಲ್ಲಿ ತಿಕ್ಕಿದೆ. ಐದು ತಿಂಗಳು ಜೊತೆಯಲ್ಲಿದ್ದೂ ನಾನು ನೋಡದ ಮೈ ಅದು. ಗಾಡಿಯ ನೊಗ ಎತ್ತಿ ಎತ್ತಿ ಜಡ್ಡುಗಟ್ಟಿದ ಹೆಗಲು, ಅಗೆದು ಅಗೆದು ಹುರಿಗೊಂಡ ಬೆನ್ನು. ಶಕ್ತಿ ಎಂದರೇನೆಂದು ನಾನು ಕಲಿತದ್ದು ಆ ಅರ್ಧ ಗಂಟೆಯಲ್ಲಿ, ಕಣ್ಣಿನಿಂದಲ್ಲ, ಅಂಗೈಯಿಂದ.

ಎದುರಾಳಿ ಹರಿಹರದವನೇ, ಸ್ಟೇಷನ್ನಿನಲ್ಲಿ ಮೂಟೆ ಹೊರುವವನು, ಅವನ ಸೊಂಟವೂ ಪುಸ್ತಕ ಓದಿ ಬೆಳೆದದ್ದಲ್ಲ. ಬಹಳ ಹೊತ್ತು ಹಿಡಿದಾಡಿದರು. ಒಮ್ಮೆ ಹನುಮಂತಪ್ಪ ಮಂಡಿಯೂರಿದ; ಪಕ್ಕದಲ್ಲಿ "ಏಳಲೇ ಕುಕ್ಕುವಾಡ!" ಎಂದು ಯಾರೋ ಕೂಗಿದರು. ತಿರುಗಿ ನೋಡಿದರೆ ರುಮಾಲು ಕೈಗೆ ಬಂದ ನಮ್ಮ ಮಾವ. ಕೊನೆಗೆ ಯಾರ ಬೆನ್ನೂ ಮಣ್ಣಿಗೆ ಹತ್ತಲಿಲ್ಲ. ಪಂಚರು ಸಮ ಎಂದರು. ಆ ಮಧ್ಯಾಹ್ನ ಮಾವನ ಮನೆಯ ಪಡಸಾಲೆಯಲ್ಲಿ ಮೂರು ಎಲೆ ಹಾಕಿದರು, ಮೂರೂ ಒಂದೇ ಸಾಲಿನಲ್ಲಿ. ಮಾವ ತಾವೇ ತುಪ್ಪ ಬಡಿಸುತ್ತ, "ಇನ್ನೊಂದು ಹೋಳಿಗೆ ಹಾಕ್ಕಳ್ರಿ ಹನುಮಂತಪ್ಪ" ಎಂದರು. ಅವನಿಗೆ ಕುಸ್ತಿಗಿಂತ ಆ ಹೋಳಿಗೆ ನುಂಗುವುದೇ ಕಷ್ಟವಾಯಿತು.

ಮರುದಿನ ನಾನು ಎಲ್ಲರಿಗಿಂತ ಮೊದಲು ಗರಡಿಗೆ ಹೋದೆ. ಹಿಂದಿನ ದಿನದ ಕುಸ್ತಿಯಲ್ಲಿ ಮಂಡಿ ನೋಯಿಸಿಕೊಂಡ ಹನುಮಂತಪ್ಪ ಕುಂಟುತ್ತ ಬಂದವನು ರೂಢಿಯಂತೆ ಗುದ್ದಲಿಗೆ ಕೈ ಚಾಚಿದ, ನಾನು ಕೊಡಲಿಲ್ಲ. ಕಟ್ಟೆಯ ಮೇಲೆ ಕೂತ. ನಾಲ್ಕು ಏಟು ನೋಡಿದ, ತಡೆಯಲಾರದೆ ಶುರುಮಾಡಿದ.

"ತೋಳಿಂದಲ್ರೀ, ಸೊಂಟದಿಂದ ಬರ್ಲಿ. ಸಾವ್ಕಾರ್ರೆ, ಶೇಂಗಾ ಕೀಳ್ತೀರೇನು? ಉಸ್ರು ಬಿಡ್ರಿ, ಉಸ್ರು!" ಸ್ವಲ್ಪ ಹೊತ್ತಿನ ಮೇಲೆ ನಿಟ್ಟುಸಿರಿಟ್ಟು, "ಇನ್ನೊಬ್ರು ಅಗಿಯಾವಾಗ ಸುಮ್ನೆ ಕೂಡಾದು ಇಷ್ಟು ತ್ರಾಸು ಅಂತ ಗೊತ್ತಿರ್ಲಿಲ್ಲ ಬಿಡ್ರಿ. ನೀವು ಐದು ತಿಂಗ್ಳು ಹೆಂಗೆ ಮಾಡಿದ್ರಿ?" ಎಂದ.

ನಾನು ಏದುಸಿರು ಬಿಡುತ್ತ ಅಗೆಯುತ್ತಲೇ ಇದ್ದೆ. ಎರಡನೆಯ ಮೂಲೆಗೆ ಬರುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು, ನಾಲ್ಕನೆಯ ಮೂಲೆಯಲ್ಲಿ ಅದು ಒಡೆಯಿತು. ಹೆಂಟೆ ಒಡೆದು, ಮಣ್ಣು ಸಮ ಮಾಡಿ, ಗುದ್ದಲಿಯನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದೆ. ವಸ್ತಾದರು ಬಂದರು, ಹಿಮ್ಮಡಿಯಿಂದ ಮಟ್ಟಿಯನ್ನು ಒತ್ತಿ ನೋಡಿದರು, ಹನುಮಂತಪ್ಪನಿಗೆ ಕಣ್ಸನ್ನೆ ಮಾಡಿದರು. ಅವನು ಕುಂಟುಗಾಲಲ್ಲೇ ಇಳಿದು ನನ್ನನ್ನು ಹಿಡಿದ. ಈ ಸಲ ಅವನು ತಲೆಯ ಕೆಳಗೆ ಅಂಗೈ ಇಡಲಿಲ್ಲ. ನಾನೇ ಸಡಿಲ ಮಾಡಿದ ಮಣ್ಣಿನ ಮೇಲೆ ಮೊದಲ ಬಾರಿಗೆ ಬಿದ್ದೆ, ನೋವಾಗಲಿಲ್ಲ.