ಬೆಂಕಿಯಿಲ್ಲದ ಕಾಫಿ

ಶಿಕಾರಿಪುರದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಮಹೇಶ್ವರಪ್ಪನ ಮನೆಗೆ ಯಾರೇ ಹೋಗಲಿ, ಮೊದಲು ಅವನ ಅಕ್ಕ ವೀರಮ್ಮನ ಬಾಯಿಗೆ ಸಿಗಬೇಕಿತ್ತು. ಪಡಸಾಲೆಯ ಕಂಬಕ್ಕೆ ಒರಗಿ, ಮುಂದೆ ಮೊರ ಇಟ್ಟುಕೊಂಡು ಅವಳು ಕೂತಿರುತ್ತಿದ್ದಳು. ಬಂದವರು ಹೊಸ್ತಿಲು ದಾಟುವ ಮೊದಲೇ ಹೆಜ್ಜೆಯ ಸಪ್ಪಳ ಹಿಡಿದು, ‘ಏನೋ, ಚಪ್ಲಿ ಹೊಸದೇನೋ? ಹಳೇ ಸಾಲ ಕೇಳಿದ್ರೆ ಮಾತ್ರ ಕಾಲು ನೋವು ಅಂತೀಯಂತೆ?’ ಎಂದು ಜಾಡಿಸುವಳು. ಅವಳು ಕೂಸಾಗಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ನಾಲಿಗೆಯ ತಂಟೆಗೆ ಮಾತ್ರ ಸಿಡುಬೂ ಬಂದಿರಲಿಲ್ಲ.

ಕಣ್ಣಿಲ್ಲವೆಂದು ಅವಳು ಸುಮ್ಮನೆ ಕೂತವಳಲ್ಲ. ಅಕ್ಕಿಯ ಕಲ್ಲು ಆರಿಸುವಳು, ಶೇಂಗಾ ಸುಲಿಯುವಳು, ಮಜ್ಜಿಗೆ ಕಡೆಯುವಳು, ಹೂಬತ್ತಿ ಹೊಸೆಯುವಳು. ಮನೆಯಲ್ಲಿ ಅವಳ ಕೈ ಮುಟ್ಟದ ಜಾಗವೆಂದರೆ ಒಂದೇ, ಒಲೆಯ ಮುಂದು. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವ್ವನಿಗೆ ಸಹಾಯ ಮಾಡುತ್ತೇನೆಂದು ಒಲೆಯ ಹತ್ತಿರ ಕೂತಾಗ ಲಂಗದ ಅಂಚಿಗೆ ಬೆಂಕಿ ಹತ್ತಿತ್ತು. ಅವ್ವ ಕಂಬಳಿ ಹಾಕಿ ಆರಿಸಿದಳು. ಆಮೇಲೆ ಮಗಳ ಕೈಯನ್ನು ತನ್ನ ನೆತ್ತಿಯ ಮೇಲಿಟ್ಟುಕೊಂಡು, ‘ನನ್ನ ಮೇಲಾಣೆ ಮಾಡು. ಸಾಯೋತನಕ ಒಲೆ ಮುಂದೆ ಹೋಗಲ್ಲ, ಬೆಂಕಿ ಹಚ್ಚಲ್ಲ ಅನ್ನು’ ಎಂದು ಆಣೆ ಹಾಕಿಸಿಕೊಂಡಳು. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಣೆ ಇನ್ನೂ ಬದುಕಿತ್ತು.

ಹೀಗಾಗಿ ವೀರಮ್ಮ ಒಬ್ಬರಿಗೂ ಒಂದು ಲೋಟ ಕಾಫಿ ಮಾಡಿ ಕೊಟ್ಟವಳಲ್ಲ. ಈ ಐವತ್ತು ವರ್ಷವೂ ಬೇರೆಯವರು ಕೊಟ್ಟದ್ದನ್ನು ಕುಡಿದವಳು. ಅದರಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟವಳು ತಮ್ಮನ ಹೆಂಡತಿ ಗುತ್ಯಮ್ಮ. ಸೊರಬದ ಕಡೆಯಿಂದ ಬಂದ, ಹತ್ತು ಮಾತಿಗೆ ಒಂದು ಮಾತಾಡುವ ಹೆಂಗಸು. ದಿನಾ ಬೆಳಿಗ್ಗೆ ವೀರಮ್ಮ ಮಿಂದು, ಲಿಂಗಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಿಸಿ ಲೋಟ ಕೈಗೆ ಬಂದು ತಾಗುತ್ತಿತ್ತು. ಒಂದು ದಿನವೂ ತಡವಾಗಿರಲಿಲ್ಲ.

ಗುತ್ಯಮ್ಮನ ಕಾಫಿಯ ಕಥೆಯೇ ಬೇರೆ. ಪೂಜೆಯಾಗದೆ ಆ ಮನೆಯಲ್ಲಿ ಯಾರೂ ಬಾಯಿಗೆ ಹನಿ ನೀರೂ ಬಿಟ್ಟುಕೊಳ್ಳುವುದಿಲ್ಲ. ನೀರು ಸೇದಿ, ಹಾಲು ಕರೆದು, ಎಲ್ಲರಿಗೂ ಬಿಸಿನೀರು ಕಾಯಿಸಿ, ಒಬ್ಬೊಬ್ಬರ ಪೂಜೆ ಮುಗಿದಂತೆಲ್ಲ ಕಾಫಿ ಕೊಟ್ಟು, ಕೊನೆಗೆ ಗುತ್ಯಮ್ಮನ ಸ್ನಾನ, ಗುತ್ಯಮ್ಮನ ಪೂಜೆ. ಅಷ್ಟು ಹೊತ್ತಿಗೆ ಒಲೆಯ ಮೇಲೆ ಅನ್ನದ ಪಾತ್ರೆ ಏರಿರುತ್ತಿತ್ತು. ತಳದಲ್ಲಿ ಉಳಿದ, ಕೆನೆಗಟ್ಟಿ ಆರಿಹೋದ ಕಾಫಿಯನ್ನು ಅವಳು ನಿಂತೇ ಗಂಟಲಿಗೆ ಸುರಿದುಕೊಳ್ಳುವಳು. ಬೇರೆಯವರಿಗೆ ಇದು ಕಾಣುತ್ತಿರಲಿಲ್ಲ, ಕಣ್ಣಿದ್ದವರಲ್ಲವೇ! ವೀರಮ್ಮನಿಗೆ ಕೇಳುತ್ತಿತ್ತು. ಬಿಸಿ ಕಾಫಿಯನ್ನು ಊದಿ ಊದಿ ಕುಡಿಯುವ ಸದ್ದು ಮನೆಯ ಎಲ್ಲರ ಬಾಯಿಂದಲೂ ಬರುತ್ತಿತ್ತು, ಗುತ್ಯಮ್ಮನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ತನ್ನ ಕೈಯಾರೆ ಒಂದು ಲೋಟ ಕಾಫಿ ಮಾಡಿ ಅವಳ ಕೈಗೆ ಕೊಡಬೇಕು ಎಂಬ ಒಂದೇ ಆಸೆ ವೀರಮ್ಮನಿಗಿತ್ತು. ಯಾರಿಗೂ ಹೇಳಿರಲಿಲ್ಲ. ಆಗದ ಮಾತನ್ನು ಆಡಿ ಏನು ಉಪಯೋಗ ಎಂದು ನುಂಗಿಕೊಂಡಿದ್ದಳು.

ಹೀಗಿರುವಾಗ, ತೊಂಬತ್ತೈದನೆಯ ಇಸವಿಯ ಸುಮಾರಿಗೆ ಆ ಯಂತ್ರ ಬಂತು. ಮಹೇಶ್ವರಪ್ಪನ ಮಗ ಚನ್ನೇಶ್ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಅಂಗಡಿ ಇಟ್ಟಿದ್ದ. ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬ ಇವನ ತಲೆ ಸವರಿ, ಹೊರದೇಶದ ಮಾಲು ಎಂದು ಒಂದು ಕಾಫಿ ಮೆಷಿನ್ ದಾಟಿಸಿಬಿಟ್ಟಿದ್ದ. ಮೇಲಿನಿಂದ ನೀರು ಹಾಕಿ, ನಡುವಿನ ಬುಟ್ಟಿಗೆ ಪುಡಿ ಹಾಕಿ, ಗುಂಡಿ ಒತ್ತಿದರೆ ಕೆಳಗಿನ ಗಾಜಿನ ಹೂಜಿಗೆ ಡಿಕಾಕ್ಷನ್ ತೊಟ್ಟಿಕ್ಕುತ್ತದೆ. ತಾಳಗುಂದದಿಂದ ಜೋಳ ಮಾರಲು ಬಂದವರೂ ಅಂಗಡಿಯೊಳಗೆ ಬಂದು ಅದನ್ನು ನೋಡಿ, ಮುಟ್ಟಿ, ಬೆಲೆ ಕೇಳಿ, ‘ಶಿವಶಿವಾ’ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಾಕೆಂದರೆ ಅದರ ಬೆಲೆಗೆ ಹಾಲು ಕರೆಯುವ ಎಮ್ಮೆಯೇ ಬರುತ್ತಿತ್ತು.

ಮಾರಾಟವಾಗದಿದ್ದರೆ ಹೋಗಲಿ, ಮನೆಯವರಾದರೂ ನೋಡಲಿ ಎಂದು ಚನ್ನೇಶ್ ಒಂದು ಭಾನುವಾರ ಅದನ್ನು ಮನೆಗೆ ತಂದ. ಪ್ಲಗ್ ಇದ್ದದ್ದು ಪಡಸಾಲೆಯಲ್ಲಿ, ರೇಡಿಯೋದ ಪಕ್ಕ. ಅಲ್ಲಿಯೇ ಮೇಜಿನ ಮೇಲೆ ಇಟ್ಟ. ಬೀದಿಯೇ ಬಂದು ಸೇರಿತು. ಅವನು ನೀರು ಹಾಕಲು ಹೋದಾಗ ಪಕ್ಕದ ಮನೆಯ ತಿಮ್ಮಮ್ಮ, ‘ಏನ್ರೀ, ಮನೆಗೆ ಬಂದೋರಿಗೆ ಕರಿನೀರು ಕೊಡ್ತೀರೇನ್ರೀ?’ ಅಂದಳು. ಮಹೇಶ್ವರಪ್ಪನ ಮಾನಕ್ಕೆ ಅದು ನೇರ ತಾಗಿತು. ನಮ್ಮ ಕಡೆ ಹಾಲು ಬೆಲ್ಲ ಇಲ್ಲದ್ದಕ್ಕೆ ಕಾಫಿ ಎನ್ನುವ ರೂಢಿಯೇ ಇಲ್ಲ.

‘ಲೇ ಚನ್ನೇಶ, ಕಾಫಿ ಮಾಡೋ ಮೆಷಿನ್ ಅಂದ್ಮೇಲೆ ಪೂರಾ ಕಾಫೀನೇ ಮಾಡ್ಬೇಕು. ಹಾಲು ಹಾಕು. ಬೆಲ್ಲಾನೂ ಹಾಕು’ ಎಂದು ಅಪ್ಪಣೆ ಮಾಡಿದ.

ಅಪ್ಪನ ಮಾತು ಮೀರಲಾರದೆ ಚನ್ನೇಶ್ ಬೆಲ್ಲ ಕದಡಿದ ಗಟ್ಟಿ ಹಾಲನ್ನು ಯಂತ್ರದ ಹೊಟ್ಟೆಗೆ ಸುರಿದ. ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಒಳಗೆ ಏನೋ ಗುಳುಗುಳು ಎಂದಿತು, ಮೇಲೆ ಹಬೆ ಎದ್ದಿತು. ಯಾರೂ ಮುಟ್ಟದೆ, ಯಾರೂ ಊದದೆ, ತೊಟ್ಟು ತೊಟ್ಟಾಗಿ ಹೂಜಿಗೆ ಇಳಿಯತೊಡಗಿದ್ದನ್ನು ಕಂಡು ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಒಬ್ಬಳಂತೂ ಕೈ ಮುಗಿದಳು. ಆಮೇಲೆ ಗುಳುಗುಳು ಹೋಗಿ ಗೊರಗೊರ ಆಯಿತು, ಗೊರಗೊರ ಹೋಗಿ ಕೆಮ್ಮು ಬಂತು, ಸೀದ ಹಾಲಿನ ವಾಸನೆ ಬೀದಿಯ ತುದಿಯವರೆಗೂ ಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಎಮ್ಮೆ ಹಾಲು ಕೊಡ್ತೈತೆ. ಇದು ಇದ್ದ ಹಾಲನ್ನೂ ಕುಡೀತೈತೆ’ ಎಂದು ಮಹೇಶ್ವರಪ್ಪ ತೀರ್ಪು ಕೊಟ್ಟ. ತೊಗರ್ಸಿಯಲ್ಲಿ ಅವನು ಒಂದು ಎಮ್ಮೆ ನೋಡಿ, ಬರುವ ವಾರ ಹೊಡೆದುಕೊಂಡು ಬರುವುದೆಂದು ಮಾತಾಡಿಯೂ ಬಂದಿದ್ದ.

ಮಧ್ಯಾಹ್ನ ಚನ್ನೇಶ್ ಒಬ್ಬನೇ ಕೂತು, ನಿಂಬೆಹುಳಿಯ ನೀರನ್ನು ಮತ್ತೆ ಮತ್ತೆ ಯಂತ್ರದೊಳಗೆ ಹರಿಸಿ ತೊಳೆಯುತ್ತಿದ್ದ. ಕೊನೆಗೊಮ್ಮೆ ಕೆಮ್ಮು ನಿಂತು ಗುಳುಗುಳು ಸದ್ದು ತಿಳಿಯಾಗಿ ಬಂತು. ವೀರಮ್ಮ ಮೊರ ಸರಿಸಿ ಹತ್ತಿರ ಬಂದಳು. ಬೆರಳ ತುದಿಯಿಂದ ಮುಚ್ಚಳ ಮುಟ್ಟಿದಳು, ಬುಟ್ಟಿ ಮುಟ್ಟಿದಳು, ಹೂಜಿಯ ಹಿಡಿ ಮುಟ್ಟಿದಳು.

‘ಇದ್ರಾಗೆ ಬೆಂಕಿ ಎಲ್ಲೈತೋ?’

‘ಬೆಂಕಿ ಇಲ್ಲತ್ತೆ.’

‘ಬೆಂಕಿ ಇಲ್ದೆ ನೀರು ಹೆಂಗೋ ಕುದೀತೈತೆ?’

‘ಕರೆಂಟು ಕಾಯಿಸ್ತೈತೆ.’

‘ಉರಿ ಬರಲ್ಲಾ?’

‘ಇಲ್ಲ.’

‘ಕಿಡಿ?’

‘ಅದೂ ಇಲ್ಲ. ಈ ಕೆಳಗಿನ ತಟ್ಟೆ ಒಂದು ಸುಡ್ತೈತೆ ನೋಡು. ಅದು ಕಾಫಿ ಆರದಂಗೆ ಇಡೋಕೆ.’

‘ಸೆರಗು ತಾಗಿದ್ರೆ?’

‘ತಾಗಿದ ಕೂಡ್ಲೆ ಹತ್ಕೊಳ್ಳಲ್ಲತ್ತೆ. ಬೆಚ್ಚಗಾಗ್ತೈತೆ.’

ಬೆಂಕಿಯನ್ನು ವೀರಮ್ಮ ಕಂಡವಳಲ್ಲ. ಅವಳಿಗೆ ಬೆಂಕಿಯೆಂದರೆ ಕಾಲಿಗೆ ಹತ್ತಿದ ಉರಿ ಮತ್ತು ಅವ್ವ ಕಿರುಚಿದ ಸದ್ದು. ಅದು ಇಲ್ಲದೆಯೂ ನೀರು ಕುದಿಯುತ್ತದೆ, ಕಾಫಿ ಇಳಿಯುತ್ತದೆ! ಹಬೆಯ ಮೇಲೆ ಅಂಗೈ ಹಿಡಿದು ಬಹಳ ಹೊತ್ತು ಹಾಗೇ ನಿಂತಳು. ಅಂಗೈಯಲ್ಲಿ ಲಿಂಗ ಹಿಡಿದಾಗಲೂ ಮನಸ್ಸು ಅತ್ತಿತ್ತ ಓಡುವ ಹೆಂಗಸು, ಆಗ ಮಾತ್ರ ಅಲ್ಲಾಡಲಿಲ್ಲ.

ಸಂಜೆ ತಮ್ಮನನ್ನು ಕೂರಿಸಿಕೊಂಡು, ‘ಆ ಮೆಷಿನ್ ತಗೋ’ ಅಂದಳು.

‘ತಲೆ ಕೆಟ್ಟೈತೇನಕ್ಕ? ಮನೇಲಿ ಹಿತ್ತಾಳೆ ಫಿಲ್ಟರ್ ಐತೆ. ಆ ಡಿಕಾಕ್ಷನ್ ಮುಂದೆ ಇದು ತೆಳ್ಳಗೆ, ತಿಳಿಸಾರು ಇದ್ದಂಗೆ. ದುಡ್ಡು ದಂಡ.’

‘ಫಿಲ್ಟರಿಗೆ ನೀರು ಎಲ್ಲಿಂದ ಬರುತ್ತೋ? ಒಲೆಯಿಂದ. ಇದಕ್ಕೆ ಒಲೆ ಇಲ್ಲ. ನಾನು ಕಾಫಿ ಮಾಡ್ತೀನಿ.’

ಅವ್ವ ಆಣೆ ಹಾಕಿಸಿದ ದಿನ ಬಾಗಿಲ ಸಂದಿಯಲ್ಲಿ ನಿಂತು ನಡುಗಿದ ಆರು ವರ್ಷದ ಹುಡುಗ ಮಹೇಶ್ವರಪ್ಪ. ‘ಸುಟ್ಕೊಂಡ್ರೆ ಅವ್ವಂಗೆ ನಾನೇನು ಹೇಳ್ಲಿ?’ ಎಂದ. ದನಿ ಕುಗ್ಗಿತ್ತು.

‘ನಿನ್ನ ಹೆಂಡ್ತಿ ಸುಟ್ಕೊಂಡಿಲ್ವೇನು? ಅವಳ ಮುಂಗೈ ಒಂದಿನ ಮುಟ್ಟಿ ನೋಡು, ಎಷ್ಟು ಕಲೆ ಐತೆ ಅಂತ. ನಂಗೆ ಗೊತ್ತೈತೆ. ನಿಂಗೆ ಗೊತ್ತಿಲ್ಲ. ಒಂದು ಲೋಟ, ಒಂದೇ ಒಂದು ಲೋಟ ನಾನು ಅವಳಿಗೆ ಮಾಡಿ ಕೊಡ್ಬೇಕು ಕಣೋ. ಇಷ್ಟು ವರ್ಷ ಕುಡಿದಿದೀನಿ.’

ವೀರಮ್ಮ ಬೈದದ್ದನ್ನು ಕೇಳಿದ್ದ, ಅಣಕಿಸಿದ್ದನ್ನು ಕೇಳಿದ್ದ, ಬೇಡಿದ್ದನ್ನು ಅವನು ಅದೇ ಮೊದಲು ಕೇಳಿದ್ದು. ಎದ್ದು ಹೋಗಿ ಯಂತ್ರದ ಮೇಲೆ ಕೆಳಗೆ ಮುಟ್ಟಿ ನೋಡಿದ. ಗುಂಡಿ ಒತ್ತಿದ, ಆರಿಸಿದ. ‘ಅವ್ವ ಹೇಳಿದ್ದು ಒಲೆ, ಬೆಂಕಿ. ಇದು ಎರಡೂ ಅಲ್ಲ’ ಎಂದು ತನಗೆ ತಾನೇ ಹೇಳಿಕೊಂಡ. ಮರುದಿನ ತೊಗರ್ಸಿಗೆ ಹೋಗುವ ಬಸ್ಸಿನವನ ಕೈಲಿ, ಎಮ್ಮೆ ಬೇಡವೆಂದು ಹೇಳಿ ಕಳಿಸಿ, ಅದಕ್ಕೆಂದು ಇಟ್ಟಿದ್ದ ದುಡ್ಡನ್ನು ಚನ್ನೇಶನ ಕೈಗೆ ಹಾಕಿದ. ಪೇಟೆಯವರು ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಪೇಟೆಯವರಿಗೆ ಬಿಡುವು ಯಾವಾಗಲೂ ಇರುತ್ತದೆ.

ಆ ವಾರವೆಲ್ಲ ಗುತ್ಯಮ್ಮ ಹಿತ್ತಿಲಿನಲ್ಲಿದ್ದಾಗ ನೋಡಿಕೊಂಡು ಚನ್ನೇಶ್ ಅತ್ತೆಗೆ ಬರೀ ನೀರು ಹಾಕಿ ಕಲಿಸಿದ. ಬಿಸಿ ತಟ್ಟೆಯ ಅಂಚು ಎಲ್ಲಿ ಎಂದು ತಿಳಿಯಲು ಮುಂದೆ ಒಂದು ಮರದ ಪಟ್ಟಿ ಹೊಡೆದುಕೊಟ್ಟ. ವೀರಮ್ಮ ಎರಡು ಸಲ ನೀರು ಚೆಲ್ಲಿದಳು, ಒಂದು ಸಲ ಬೆರಳು ಸುಟ್ಟುಕೊಂಡಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕಳು.

ಸೋಮವಾರ ಬೆಳಗಿನ ಜಾವ, ಗುತ್ಯಮ್ಮ ಹಿತ್ತಿಲಿಗೆ ಹೋಗಿ ಬಾವಿಗೆ ಕೊಡ ಇಳಿಸಿದ ಸದ್ದು ಕೇಳಿದ ಕೂಡಲೇ ವೀರಮ್ಮ ಎದ್ದಳು. ತಣ್ಣೀರಲ್ಲೇ ಮಿಂದು ಪೂಜೆ ಮುಗಿಸಿದಳು. ಮೇಜಿನ ಮುಂದೆ ಬಂದು ನೀರು ಅಳೆದು ಹಾಕಿದಳು, ಪುಡಿಯನ್ನು ಧಾರಾಳವಾಗಿಯೇ ಹಾಕಿದಳು. ಗುಂಡಿ ಒತ್ತಿದಳು. ಗುಳುಗುಳು ಶುರುವಾಯಿತು. ನಡುವೆ ಕರೆಂಟು ಹೋಯಿತು. ಸದ್ದು ನಿಂತಿತು. ವೀರಮ್ಮ ಉಸಿರು ಹಿಡಿದುಕೊಂಡು ಹಿತ್ತಿಲಿನ ಕಡೆ ಒಂದು ಕಿವಿ, ಯಂತ್ರದ ಕಡೆ ಒಂದು ಕಿವಿ ಇಟ್ಟು ನಿಂತಳು. ಒಂದಷ್ಟು ಹೊತ್ತಾದ ಮೇಲೆ ಒಳಗೆ ಟಕ್ ಎಂದಿತು, ನೀರು ಮತ್ತೆ ಮಾತಾಡಿತು. ಘಮ ಎದ್ದು ಪಡಸಾಲೆ ತುಂಬಿತು. ಈ ಘಮ ನನ್ನ ಕೈಯದು ಎಂದುಕೊಂಡಳು.

ಡಿಕಾಕ್ಷನ್ ಇಳಿದ ಮೇಲೆ ರಾತ್ರಿ ಕಾಯಿಸಿಟ್ಟಿದ್ದ ಹಾಲಿನ ಗಿಂಡಿಯನ್ನು ಬಿಸಿ ತಟ್ಟೆಯ ಮೇಲಿಟ್ಟು ಕಾಯಿಸಿದಳು. ಬೆಲ್ಲ ಹಾಕಿ, ಬೆರೆಸಿ, ದೊಡ್ಡ ಲೋಟದ ತುಂಬ ಮಾಡಿದಳು. ಅಷ್ಟರಲ್ಲಿ ಒದ್ದೆ ಹೆಜ್ಜೆಯ ಸದ್ದು ಒಳಗೆ ಬಂತು.

‘ಎಂತ ಅಕ್ಕ ಇದು?’

‘ತಗೋ. ನಾನೇ ಮಾಡಿದ್ದು. ನಿಂಗೇ.’

ಗುತ್ಯಮ್ಮ ಲೋಟ ತೆಗೆದುಕೊಳ್ಳಲಿಲ್ಲ. ‘ಅಕ್ಕ, ನಂದು ಇನ್ನೂ ಪೂಜೆ ಆಗ್ಲಿಲ್ವಲ್ಲ’ ಅಂದಳು.

ವೀರಮ್ಮನ ಕೈ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷ ದಿನಾ ಕೇಳುತ್ತಿದ್ದ ಸಂಗತಿ ಈ ಸಡಗರದಲ್ಲಿ ಮರೆತೇಹೋಗಿತ್ತು. ಅವಳ ಕನಸಿನಲ್ಲಿ ಗುತ್ಯಮ್ಮ ಲೋಟ ತೆಗೆದುಕೊಂಡು ಕುಡಿದುಬಿಡುತ್ತಿದ್ದಳು, ಅಷ್ಟೆ. ಇವಳ ಪೂಜೆ ಮುಗಿಯುವುದು ಹೊತ್ತೇರಿದ ಮೇಲೆ. ಈ ಲೋಟವೂ ಎಲ್ಲ ಲೋಟಗಳ ಹಾಗೆ ಆರಿಹೋಗುತ್ತದೆ. ವೀರಮ್ಮನಿಗೆ ಅಳು ಒತ್ತರಿಸಿ ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು.

‘ಹೋಗು, ಈಗಲೇ ಮಿಂದು ಪೂಜೆ ಮಾಡ್ಕೊಂಡು ಬಾ.’

‘ಹಾಲು ಕರೀಬೇಕು, ನೀರು ಕಾಯಿಸ್ಬೇಕು. ಅವ್ರು ಏಳ್ತಾರೆ ಅಕ್ಕ.’

‘ಏಳ್ಲಿ. ಎದ್ದೋರು ಕೂತಿರ್ಲಿ. ಹೋಗು ಅಂದೆ.’

ಗುತ್ಯಮ್ಮ ಹೋದಳು. ವೀರಮ್ಮ ಲೋಟವನ್ನು ಬಿಸಿ ತಟ್ಟೆಯ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಪಕ್ಕದಲ್ಲೇ ಕೂತಳು. ಮಹೇಶ್ವರಪ್ಪ ಎದ್ದು ಬಂದು ಬಿಸಿನೀರು ಕೇಳಿದ. ‘ಇಲ್ಲ’ ಅಂದಳು. ಚನ್ನೇಶ್ ಬಂದು ಘಮ ಹಿಡಿದು ಕೈ ಚಾಚಿದ. ಕೈಗೆ ಒಂದು ಏಟು ಬಿತ್ತು. ಅಪ್ಪ ಮಗ ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಆ ಮನೆಯಲ್ಲಿ ಗಂಡಸರು ಹೆಂಗಸಿನ ಪೂಜೆ ಮುಗಿಯಲೆಂದು ಕಾದದ್ದು ಹಿಂದೆ ಎಂದೂ ಇರಲಿಲ್ಲ. ವೀರಮ್ಮ ಆಗಾಗ ಲೋಟಕ್ಕೆ ಬೆರಳ ತುದಿ ತಾಗಿಸಿ ನೋಡುತ್ತಿದ್ದಳು. ಅದು ಸುಡುತ್ತಲೇ ಇತ್ತು. ಯಾರೂ ಸೌದೆ ಒಟ್ಟದೆ, ಯಾರೂ ಊದದೆ, ಒಬ್ಬಳಿಗೋಸ್ಕರ ಕಾದುಕೊಂಡು ಸುಡುತ್ತಿತ್ತು. ಮಹೇಶ್ವರಪ್ಪ ಆ ಪುಟ್ಟ ಕೆಂಪು ದೀಪವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಗುತ್ಯಮ್ಮ ವಿಭೂತಿ ಹಚ್ಚಿಕೊಂಡು, ಒದ್ದೆ ತಲೆಯಲ್ಲಿ ಬಂದಳು. ಎಲ್ಲರೂ ಕೂತದ್ದು ಕಂಡು ಬಾಗಿಲಲ್ಲೇ ಹಿಂಜರಿದಳು. ‘ಕೂತ್ಕೊ’ ಎಂದಳು ವೀರಮ್ಮ. ಅವಳು ಕೂತಳು. ಸೆರಗಿನಲ್ಲಿ ಹಿಡಿದ ಲೋಟ ವೀರಮ್ಮನ ಕೈಯಿಂದ ಗುತ್ಯಮ್ಮನ ಕೈಗೆ ಹೋಯಿತು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಗುತ್ಯಮ್ಮ ಕಾಫಿಯನ್ನು ಊದುತ್ತಿದ್ದಳು. ಊದಿದಳು, ಸುರ್ ಎಂದು ಎಳೆದಳು, ಮತ್ತೆ ಊದಿದಳು. ನಡುವೆ ಒಮ್ಮೆ ಮೂಗು ಏರಿಸಿಕೊಂಡ ಸದ್ದು ಬಂತು. ಲೋಟ ಖಾಲಿಯಾಗುವವರೆಗೂ ಅವಳು ಎದ್ದು ಒಳಗೆ ಓಡಲಿಲ್ಲ.

ಮದುವೆಯಾಗಿ ಬಂದಂದಿನಿಂದ ತನಗೆಂದು ಒಂದು ಚೂರು ಉಪ್ಪನ್ನೂ ಕೇಳದ ಹೆಂಗಸು, ಲೋಟವನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು.

‘ಇನ್ನೊಂಚೂರು ಅದೆಯಾ ಅಕ್ಕ?’