ಬೀಗ ಹಾಕಿದ ಔಷಧ ಪೆಟ್ಟಿಗೆ

2004ರ ಫೆಬ್ರವರಿಯ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬ್ಯಾಡಗಿಯ ಮೆಣಸಿನಪುಡಿ ಕಾರ್ಖಾನೆಯಲ್ಲಿ ತಪಾಸಣೆಗೆ ಬಂದ ಸರ್ಕಾರಿ ಇನ್‌ಸ್ಪೆಕ್ಟರ್, ವ್ಯವಸ್ಥಾಪಕನಾದ ನಾನು, ಕೆಲಸದ ಫಕೀರವ್ವ ಇದ್ದೆವು. ಕಾನೂನಿನಂತೆ ಇಡಲೇಬೇಕಾದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗ ತೆರೆದು ತೋರಿಸಿದೆ. ಹತ್ತಿ, ಪಟ್ಟಿ, ಮುಲಾಮು ಎಲ್ಲವೂ ಹೊಸದಾಗಿಯೇ ಇದ್ದವು. ವರ್ಷದಲ್ಲಿ ಯಾರಿಗೂ ಗಾಯವಾಗಿಲ್ಲವೇ ಎಂದು ಅವರು ಕೇಳಿದರು.

ಜರಡಿಯ ತಗಡು ಕೊಯ್ದು ಬಾತಿದ್ದ ಬೆರಳನ್ನು ಫಕೀರವ್ವ ಮುಂದೆ ಹಿಡಿದರು. ಅದಕ್ಕೆ ಸೀರೆಯ ಚೂರು ಸುತ್ತಿಕೊಂಡಿದ್ದರು.

“ಆಗ್ತಾವ್ರಿ ಸಾಹೇಬ್ರ. ನೀವು ಬಂದಾಗ ಪೆಟಗಿ ತುಂಬಿರಬೇಕಂತ ಇವ್ರು ಕೀಲಿ ಕೊಡಂಗಿಲ್ಲ.”

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಕಾರ್ಖಾನೆಯ ಪರವಾನಗಿ ಹೋಯಿತೆಂದುಕೊಂಡೆ.

“ಮೊದಲ ಆಕೀನ್ನ ದವಾಖಾನಿಗೆ ಕಳಸ್ರಿ. ನಿಮ್ಮ ನೋಟಿಸ್ ಎಲ್ಲೂ ಓಡಿ ಹೋಗಂಗಿಲ್ಲ” ಎಂದರು.

ಕಳಿಸಿದೆ. ನೋಟಿಸೂ ಬಂತು. ಸಂಜೆ ಐದಕ್ಕೆ, ಒಂದಕ್ಷರವೂ ಬರೆಯದೆ ಇಟ್ಟಿದ್ದ ಅಪಘಾತದ ಪುಸ್ತಕದಲ್ಲಿ ಫಕೀರವ್ವನ ಹೆಸರನ್ನೂ ನನ್ನ ತಪ್ಪನ್ನೂ ಬರೆದು ಸಹಿ ಹಾಕಿದೆ.